ಹಳೆಯ ಕವಚದೊಳಗೆ ಹೊಸ ಕಂಡೆನ್ಸರ್

ವಾಲ್ವ್ ರೇಡಿಯೋಗಳನ್ನು, ಅಂದರೆ ಟ್ರಾನ್ಸಿಸ್ಟರಿಗೂ ಹಿಂದಿನ, ಗಾಜಿನ ನಿರ್ವಾತ ಕೊಳವೆಗಳಿಂದ ನಡೆಯುವ ರೇಡಿಯೋಗಳನ್ನು, ಮನೆಯಲ್ಲಿ ದುರಸ್ತಿ ಮಾಡುವವರ ನಡುವೆ ಬಹಳ ಮೆಚ್ಚುಗೆ ಪಡೆದಿರುವ ಒಂದು ಕುಶಲತೆಯಿದೆ. ಕೆಟ್ಟುಹೋದ ಕಾಗದದ ಕಂಡೆನ್ಸರನ್ನು (ವಿದ್ಯುತ್ತನ್ನು ಕೂಡಿಡುವ ಬಿಡಿಭಾಗ, ಇಂದಿನ ಹೆಸರು ಕೆಪಾಸಿಟರ್) ಬಿಡಿಸಿ ತೆಗೆದು, ಹದವಾಗಿ ಬಿಸಿ ಮಾಡಿ ಅದರ ಮೇಣವನ್ನು ಕರಗಿಸಿ, ಒಳಗಿರುವ ಕಾಗದ ಮತ್ತು ಲೋಹದ ಹಾಳೆಯ ಸುರುಳಿಯನ್ನು ಹೊರಗೆಳೆದು, ಖಾಲಿಯಾದ ಕೊಳವೆಯೊಳಗೆ ಈಗಿನ ಪುಟ್ಟ ಪಾಲಿಯೆಸ್ಟರ್ ಕಂಡೆನ್ಸರನ್ನು ಕೂರಿಸಿ, ಎರಡೂ ತುದಿಗಳಿಗೆ ಮತ್ತೆ ಮೇಣ ಸುರಿದು ಮುಚ್ಚುತ್ತಾರೆ. ಬಿಡಿಭಾಗಗಳನ್ನೆಲ್ಲ ಕೂರಿಸಿದ ಲೋಹದ ತಟ್ಟೆಯಾದ ಚಾಸಿಯನ್ನು ಮಗುಚಿ ನೋಡಿದವರಿಗೆ ಎಲ್ಲವೂ ಕಾರ್ಖಾನೆಯಿಂದ ಹೊರಬಂದ ದಿನ ಇದ್ದಂತೆಯೇ ಕಾಣುತ್ತದೆ. ಕೊಳವೆಯ ಮೇಲೆ ಅಚ್ಚಾದ ಅಕ್ಷರಗಳು, ಅವುಗಳ ಮಾಸಿದ ಬಣ್ಣ ಎಲ್ಲವೂ ಹಾಗೆಯೇ ಇರುತ್ತವೆ. ಇದಕ್ಕೆ ತಾಳ್ಮೆ ಬೇಕು, ಕೈಚಳಕ ಬೇಕು. ಚೆನ್ನಾಗಿ ಮಾಡಿದ್ದನ್ನು ಕಂಡಾಗ ನನಗೂ ಗೌರವ ಮೂಡುತ್ತದೆ. ಆದರೂ ರೇಡಿಯೋ ಒಂದನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಮೊದಲ ಕಂಡೆನ್ಸರಿನ ಬೆಸುಗೆಯನ್ನು ಬಿಡಿಸುವ ಹೊತ್ತಿಗೆ, ಹೀಗೆ ಮಾಡುವುದು ಸರಿಯೇ ಎಂಬ ಪ್ರಶ್ನೆ ನನ್ನ ಕೆಲಸಕ್ಕೇ ಅಡ್ಡ ನಿಂತಿತು. ಹಳೆಯ ರೇಡಿಯೋವನ್ನು ಮತ್ತೆ ಹಾಡಿಸುವುದೆಂದರೆ ಅದನ್ನು ಅದರ ಮೊದಲ ದಿನಕ್ಕೆ ಹಿಂದಿರುಗಿಸುವುದೇ? ಹಾಗಾದರೆ ನಡುವೆ ಕಳೆದುಹೋದ ಅಷ್ಟೂ ವರ್ಷಗಳನ್ನು ಏನು ಮಾಡಬೇಕು?

ರೇಡಿಯೋ ಮರದ ಪೆಟ್ಟಿಗೆಯದು. 1950ರ ದಶಕದ ಕೊನೆಯ ಯುರೋಪಿನ ಮಾದರಿ. ಇಸಿಎಚ್81, ಇಎಫ್89, ಇಬಿಸಿ81, ಇಎಲ್84, ಇಜಡ್80 ಎಂಬ ಐದು ವಾಲ್ವುಗಳು, ಜೊತೆಗೆ ಕೇಂದ್ರ ಸರಿಯಾಗಿ ಸಿಕ್ಕಿತೇ ಎಂಬುದನ್ನು ಹಸಿರು ಬೆಳಕಿನಲ್ಲಿ ತೋರಿಸುವ ಇಎಂ80. ಈ ಬಗೆಯ ರೇಡಿಯೋಗಳನ್ನು ಬಿಚ್ಚಿದವರಿಗೆ ಹಳೆಯ ಪರಿಚಿತರನ್ನು ಕಂಡಂತಾಗುತ್ತದೆ, ಏಕೆಂದರೆ ಹೊರಗಿನ ಪೆಟ್ಟಿಗೆ ಹೇಗೇ ಇದ್ದರೂ ಒಳಗಿನ ಕ್ರಮ ಹೆಚ್ಚುಕಡಿಮೆ ಒಂದೇ. 1918ರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ರೂಪಿಸಿದ, ಯಾವ ಕೇಂದ್ರದ ಅಲೆಯನ್ನೂ ಒಂದೇ ಗೊತ್ತಾದ ಆವರ್ತನಕ್ಕೆ ಬದಲಿಸಿಕೊಂಡು ಬಲಗೊಳಿಸುವ ಸೂಪರ್‌ಹೆಟರೊಡೈನ್ ವಿಧಾನವನ್ನೇ ಇವೆಲ್ಲವೂ ಅನುಸರಿಸುತ್ತವೆ.

ಸ್ವಿಚ್ ಹಾಕುವ ಮೊದಲು

ಬಹಳ ಕಾಲ ಮೂಲೆಯಲ್ಲಿದ್ದ ರೇಡಿಯೋ ಕೈಗೆ ಬಂದಾಗ ಎಲ್ಲರೂ ಮೊದಲು ಕೇಳುವುದು ‘ಹಾಡುತ್ತದೆಯೇ?’ ಎಂದು. ಆ ಪ್ರಶ್ನೆಗೆ ಕೂಡಲೇ ಉತ್ತರ ಕಂಡುಕೊಳ್ಳುವ ಆಸೆಯಿಂದಲೇ ಎಷ್ಟೋ ರೇಡಿಯೋಗಳು ಸುಟ್ಟುಹೋಗಿವೆ. ಇದನ್ನು ನನಗೆ ಮನದಟ್ಟು ಮಾಡಿಸಿದವರು ವಾಲ್ವುಗಳ ಕಾಲದಿಂದಲೂ ರೇಡಿಯೋ ದುರಸ್ತಿಯನ್ನೇ ಮಾಡಿಕೊಂಡು ಬಂದಿದ್ದ ಒಬ್ಬ ಹಿರಿಯರು. ನಾನು ಮೀಟರು, ತಂತಿ, ನಕ್ಷೆ ಎಲ್ಲವನ್ನೂ ಸಿದ್ಧ ಮಾಡಿಕೊಂಡು ಕುಳಿತಿದ್ದಾಗ ಅವರು ಹಿಂಬದಿಯ ರಟ್ಟನ್ನು ಬಿಚ್ಚಿ, ಪೆಟ್ಟಿಗೆಯೊಳಗೆ ಮುಖವಿಟ್ಟು ಉಸಿರೆಳೆದುಕೊಂಡರು.

‘ಮೊದಲು ಮೂಸಿ ನೋಡಪ್ಪ, ಮೀಟರು ಆಮೇಲೆ’ ಎಂದರು.

‘ಯಾವ ವಾಸನೆ ಹುಡುಕಬೇಕು ಸಾರ್?’

‘ಧೂಳಿನ ವಾಸನೆ ಇದ್ದರೆ ಯೋಚನೆ ಇಲ್ಲ, ಮೇಣದ್ದಾದರೂ ಪರವಾಗಿಲ್ಲ. ಸುಟ್ಟ ವಾರ್ನಿಷಿನ ವಾಸನೆ ಬಂದರೆ ಟ್ರಾನ್ಸ್‌ಫಾರ್ಮರ್ ಕಡೆ ನೋಡು. ಅದು ಹೋಗಿದ್ದರೆ ಮಿಕ್ಕಿದ್ದಕ್ಕೆಲ್ಲ ಕೈ ಹಾಕೋ ಮೊದಲೇ ಗೊತ್ತಾಗಬೇಕು.’

ಅವರು ಆಮೇಲೆ ಮಾಡಿದ್ದೂ ಹೆಚ್ಚೇನಿಲ್ಲ. ಚಾಸಿಯನ್ನು ಮಗುಚಿ, ಒಂದು ದೀಪ ಹಿಡಿದು, ಯಾವುದನ್ನೂ ಮುಟ್ಟದೆ ಬಹಳ ಹೊತ್ತು ನೋಡುತ್ತಾ ಕುಳಿತರು. ಬಣ್ಣ ಕಂದಿದ ರೆಸಿಸ್ಟರ್, ಉಬ್ಬಿದ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್, ಮೇಣ ಸೋರಿ ಹನಿಗಟ್ಟಿದ ಜಾಗ, ಮುಟ್ಟಿದರೆ ಪುಡಿಯಾಗುವಂತಿದ್ದ ರಬ್ಬರ್ ಹೊದಿಕೆಯ ತಂತಿ, ಹೀಗೆ ಒಂದೊಂದನ್ನೂ ಬೆರಳಿನಿಂದ ತೋರಿಸಿದರು. ನೋಡುವುದೂ ದುರಸ್ತಿಯ ಕೆಲಸವೇ ಎಂದು ನನಗೆ ಅನ್ನಿಸಿದ್ದು ಅಂದು. ಈಗಲೂ ರೇಡಿಯೋ ಬಂದ ಮೊದಲ ದಿನ ನಾನು ಬೆಸುಗೆಯ ಉಪಕರಣವನ್ನು ಹೊರಗೆ ತೆಗೆಯುವುದಿಲ್ಲ.

ಎಚ್ಚರಿಕೆಗೆ ಕಾರಣಗಳಿವೆ. ಎಲೆಕ್ಟ್ರೋಲಿಟಿಕ್ ಕಂಡೆನ್ಸರಿನಲ್ಲಿ ವಿದ್ಯುತ್ತನ್ನು ತಡೆದು ನಿಲ್ಲಿಸುವುದು ಅಲ್ಯೂಮಿನಿಯಂ ಹಾಳೆಯ ಮೇಲಿರುವ ಅತಿ ತೆಳುವಾದ ಆಕ್ಸೈಡ್ ಪದರ. ವರ್ಷಗಟ್ಟಲೆ ವೋಲ್ಟೇಜು ಕಾಣದೆ ಬಿದ್ದಿದ್ದರೆ ಆ ಪದರ ಶಿಥಿಲವಾಗುತ್ತದೆ. ಆ ಸ್ಥಿತಿಯಲ್ಲಿ ಏಕಾಏಕಿ 300 ವೋಲ್ಟ್ ಬಂದು ಬಿದ್ದರೆ ಅದು ಕಂಡೆನ್ಸರಿನಂತೆ ನಡೆದುಕೊಳ್ಳದೆ ಸಣ್ಣ ರೆಸಿಸ್ಟರಿನಂತೆ ಕಾದು, ಕೆಲವೊಮ್ಮೆ ಸಿಡಿದು, ತನ್ನೊಂದಿಗೆ, ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರ್ ವಾಲ್ವನ್ನೂ ಟ್ರಾನ್ಸ್‌ಫಾರ್ಮರನ್ನೂ ಕೊಂಡೊಯ್ಯುತ್ತದೆ. ದೊಡ್ಡ ರೆಸಿಸ್ಟರ್ ಒಂದರ ಮೂಲಕ ನಿಧಾನವಾಗಿ ವೋಲ್ಟೇಜನ್ನು ಏರಿಸುತ್ತಾ ಹೋದರೆ ಆ ಪದರ ಮತ್ತೆ ಕಟ್ಟಿಕೊಳ್ಳುವುದುಂಟು. ದ್ರವವೇ ಒಣಗಿಹೋಗಿದ್ದರೆ ಆ ದಾರಿಯೂ ಇಲ್ಲ.

ಮೊದಲ ಸಲ ವಿದ್ಯುತ್ ಕೊಡುವಾಗ ನಾನು ರೇಡಿಯೋದೊಂದಿಗೆ ಸರಣಿಯಲ್ಲಿ ಒಂದು ಹಳೆಯ ಕಾಲದ ತಂತು ಬಲ್ಬನ್ನು ಜೋಡಿಸುತ್ತೇನೆ. ಒಳಗೆ ಎಲ್ಲಾದರೂ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿದು ತಾನೇ ಭಾರವನ್ನು ಹೊತ್ತುಕೊಳ್ಳುತ್ತದೆ, ರೇಡಿಯೋ ಉಳಿಯುತ್ತದೆ. ಎಲ್ಲವೂ ಸರಿಯಿದ್ದರೆ ಬಲ್ಬು ಒಮ್ಮೆ ಬೆಳಗಿ, ವಾಲ್ವುಗಳ ಹೀಟರುಗಳು ಕಾಯುತ್ತಿದ್ದಂತೆ ಮಂಕಾಗಿ, ರೆಕ್ಟಿಫೈಯರ್ ಕೆಲಸ ಆರಂಭಿಸಿದ ಮೇಲೆ ಮತ್ತೆ ತುಸು ಹೆಚ್ಚಾಗಿ ನಿಲ್ಲುತ್ತದೆ. ಇದಕ್ಕೂ ಮೊದಲು ರೆಕ್ಟಿಫೈಯರ್ ಆದ ಇಜಡ್80 ವಾಲ್ವನ್ನು ಕಿತ್ತಿಟ್ಟು, ಹೀಟರು ಮತ್ತು ಡಯಲ್ ದೀಪಗಳನ್ನಷ್ಟೇ ಉರಿಸಿ ಟ್ರಾನ್ಸ್‌ಫಾರ್ಮರ್ ಬಿಸಿಯೇರುತ್ತದೆಯೇ ಎಂದು ನೋಡುವುದು ಇನ್ನೂ ಒಳ್ಳೆಯದು. ಟ್ರಾನ್ಸ್‌ಫಾರ್ಮರ್ ಇಲ್ಲದ, ಹೀಟರುಗಳನ್ನು ಸರಣಿಯಲ್ಲಿ ಜೋಡಿಸಿದ ಎಸಿ-ಡಿಸಿ ಮಾದರಿಯಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಒಂದು ವಾಲ್ವು ಕಿತ್ತರೆ ಎಲ್ಲವೂ ಆರುತ್ತವೆ. ಆ ಮಾದರಿಯ ದೊಡ್ಡ ಅಪಾಯವೆಂದರೆ ಮನೆಯ ವಿದ್ಯುತ್ತಿನ ಒಂದು ತಂತಿ ನೇರವಾಗಿ ಚಾಸಿಗೇ ಬಂದಿರುತ್ತದೆ. ಮನೆಯ ವಿದ್ಯುತ್ ತಂತಿಗಳಿಂದ ರೇಡಿಯೋವನ್ನು ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ತೆರೆದು ಕೆಲಸ ಮಾಡಬಾರದು. ವೋಲ್ಟೇಜು ಏರಿಳಿಸುವ ವೇರಿಯಾಕನ್ನೇ ರಕ್ಷಣೆಯೆಂದು ನಂಬುವವರಿದ್ದಾರೆ; ಸಾಮಾನ್ಯ ವೇರಿಯಾಕಿನಲ್ಲಿ ಒಂದೇ ಸುರುಳಿ ಇರುವುದರಿಂದ ಅದು ಯಾರನ್ನೂ ಆಘಾತದಿಂದ ಕಾಪಾಡುವುದಿಲ್ಲ. ಆರಿಸಿದ ಮೇಲೂ, ಡಿಸಿಯ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕಂಡೆನ್ಸರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಬೇಕು.

ಸೋರುವ ಕಾಗದ

ಯಾವುದನ್ನು ಬದಲಿಸಲೇಬೇಕು ಎಂಬುದನ್ನು ಅಭಿರುಚಿಗೆ ಬಿಡಲಾಗದು, ಅದನ್ನು ಲೆಕ್ಕವೇ ಹೇಳುತ್ತದೆ. ವಾಲ್ವಿನಲ್ಲಿ ಇಲೆಕ್ಟ್ರಾನುಗಳು ಕ್ಯಾಥೋಡಿನಿಂದ ಆನೋಡಿಗೆ ಹರಿಯುತ್ತವೆ, ನಡುವಿನ ಗ್ರಿಡ್ಡು ಆ ಹರಿವನ್ನು ಹಿಡಿತದಲ್ಲಿಡುತ್ತದೆ. ಇಬಿಸಿ81ರ ಆನೋಡಿನಿಂದ, ಸ್ಪೀಕರನ್ನು ನಡೆಸುವ ಇಎಲ್84ರ ಗ್ರಿಡ್ಡಿಗೆ ಧ್ವನಿಯನ್ನು ದಾಟಿಸುವ ಕಪ್ಲಿಂಗ್ ಕಂಡೆನ್ಸರನ್ನೇ ನೋಡಿ. ಅದರ ಒಂದು ಬದಿಯಲ್ಲಿ ಸುಮಾರು 100 ವೋಲ್ಟ್ ಇರುತ್ತದೆ, ಇನ್ನೊಂದು ಬದಿಯಲ್ಲಿ ಸೊನ್ನೆ ಇರಬೇಕು. ಕಾಗದ ವರ್ಷಾಂತರದಲ್ಲಿ ತೇವವನ್ನು ಹೀರಿಕೊಂಡು ಅದರ ರೋಧ 10 ಮೆಗಓಮಿಗೆ ಇಳಿದಿದೆ ಎಂದುಕೊಳ್ಳೋಣ. ಸಾಧಾರಣ ಮೀಟರಿನಲ್ಲಿ ನೋಡಿದರೆ ಇದು ದೊಡ್ಡ ದೋಷವೆಂದೇ ಅನ್ನಿಸುವುದಿಲ್ಲ. ಗ್ರಿಡ್ಡಿನಿಂದ ಚಾಸಿಗೆ 680 ಕಿಲೋಓಮಿನ ರೆಸಿಸ್ಟರ್ ಇದ್ದರೆ, ಗ್ರಿಡ್ಡಿನ ಮೇಲೆ 6 ವೋಲ್ಟಿಗಿಂತ ಹೆಚ್ಚು ಧನ ವೋಲ್ಟೇಜು ಬಂದು ನಿಲ್ಲುತ್ತದೆ. 250 ವೋಲ್ಟಿನಲ್ಲಿ ದುಡಿಯುವ ಇಎಲ್84ಕ್ಕೆ ಬೇಕಾದ ಬಯಸ್, ಅಂದರೆ ಗ್ರಿಡ್ಡಿನ ಸ್ಥಿರ ವೋಲ್ಟೇಜು, ಋಣ 7.3 ವೋಲ್ಟ್, ಆಗ ಅದರ ಆನೋಡಿನಲ್ಲಿ 48 ಮಿಲಿಆಂಪಿಯರ್ ಹರಿಯುತ್ತದೆ, ಅಂದರೆ 12 ವ್ಯಾಟ್, ಅಂದರೆ ಆ ವಾಲ್ವಿನ ಸಹನೆಯ ಅಂಚು. ಸೋರಿಕೆ ಆ ಬಯಸನ್ನು ಕಬಳಿಸಿದಾಗ ವಾಲ್ವು ಮಿತಿ ಮೀರಿ ಹರಿಸುತ್ತದೆ. ಕ್ಯಾಥೋಡಿನ ರೆಸಿಸ್ಟರ್ ಸ್ವಲ್ಪ ಮಟ್ಟಿಗೆ ತಡೆಯೊಡ್ಡಿದರೂ ಅದು ಸಾಲದು. ಆನೋಡಿನ ತಗಡು ಕೆಂಪೇರುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯಂಥ ತಂತಿ ಕಾಯುತ್ತದೆ, ಒಂದು ದಿನ ಕಡಿಯುತ್ತದೆ. ಇಷ್ಟೆಲ್ಲ ಆಗುವವರೆಗೂ ರೇಡಿಯೋ ಹಾಡುತ್ತಲೇ ಇರುತ್ತದೆ, ಧ್ವನಿ ಮಾತ್ರ ತುಸು ಒಡೆದಿರುತ್ತದೆ.

ಹಾಗಾಗಿ ಈ ಒಂದು ಕಂಡೆನ್ಸರಿನ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿ ಮಾಡಿಕೊಳ್ಳುವುದಿಲ್ಲ. ಉಳಿದ ಕಾಗದದ ಕಂಡೆನ್ಸರುಗಳೂ ಅದೇ ಕಾಯಿಲೆಯವು. ಮೀಟರಿನಲ್ಲಿ ಸರಿ ಕಂಡರೂ ನೈಜ ವೋಲ್ಟೇಜಿನಲ್ಲಿ ಸೋರುತ್ತವೆ. ಮನೆಯ ವಿದ್ಯುತ್ ತಂತಿಗಳ ನಡುವೆ ಅಥವಾ ಅವುಗಳಿಂದ ಚಾಸಿಗೆ ಕಟ್ಟಿದ ಕಂಡೆನ್ಸರುಗಳಿಗಂತೂ ಅದೇ ಕೆಲಸಕ್ಕೆಂದು ಮಾಡಿದ ಎಕ್ಸ್ ಮತ್ತು ವೈ ದರ್ಜೆಯವುಗಳನ್ನೇ ಹಾಕಬೇಕು. ಮೈಕಾ ಮತ್ತು ಸೆರಾಮಿಕ್ ಕಂಡೆನ್ಸರುಗಳನ್ನು, ದೋಷ ಕಾಣದ ಹೊರತು, ನಾನು ಮುಟ್ಟುವುದಿಲ್ಲ. ಇಂಗಾಲದ ರೆಸಿಸ್ಟರುಗಳು ವಯಸ್ಸಾದಂತೆ ಸಾಮಾನ್ಯವಾಗಿ ಮೇಲಕ್ಕೇರುತ್ತವೆ. ನಕ್ಷೆಯ ಮೌಲ್ಯಕ್ಕಿಂತ ತೀರಾ ದೂರ ಹೋದವನ್ನು ಮಾತ್ರ ಬದಲಿಸುತ್ತೇನೆ.

ನನಗಿಂತ ಮೊದಲು ಬಂದವರು

ಈ ಕೆಲಸದ ನಡುವೆ ಇಎಲ್84ರ ಸಾಕೆಟ್ಟಿನ ಪಕ್ಕದಲ್ಲಿ ಒಂದು ರೆಸಿಸ್ಟರ್ ಕಣ್ಣಿಗೆ ಬಿತ್ತು. ಸುತ್ತಲಿನವುಗಳಿಗಿಂತ ಅದು ಹೊಸದು, ಗಾತ್ರ ಬೇರೆ, ಬಣ್ಣ ಬೇರೆ. ಕಾರ್ಖಾನೆಯ ಬೆಸುಗೆಯನ್ನು ಕದಡಬಾರದೆಂದು, ಹಳೆಯದರ ಕಾಲುಗಳನ್ನು ಸ್ವಲ್ಪ ಉಳಿಸಿ ಕತ್ತರಿಸಿ, ಹೊಸದರ ಕಾಲನ್ನು ಸಣ್ಣ ಸುರುಳಿಯಾಗಿ ಸುತ್ತಿ, ಅದನ್ನು ಆ ತುಂಡುಗಳಿಗೆ ತೊಡಿಸಿ ಬೆಸೆದಿದ್ದರು. ಬೆಸುಗೆ ಇನ್ನೂ ಹೊಳೆಯುತ್ತಿತ್ತು. ಪಕ್ಕದ ಚಾಸಿಯ ತಗಡಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಅಂಕಿಗಳಿದ್ದವು. ಕನ್ನಡಿ ಹಿಡಿದು, ದೀಪವನ್ನು ಓರೆ ಮಾಡಿ ನೋಡಿದಾಗ ಅವು ಆ ವಾಲ್ವಿನ ಆನೋಡ್ ಮತ್ತು ಕ್ಯಾಥೋಡಿನ ವೋಲ್ಟೇಜುಗಳೆಂದು ತಿಳಿಯಿತು. ಯಾರೋ ಒಬ್ಬರು ಎಷ್ಟೋ ವರ್ಷಗಳ ಹಿಂದೆ ಇದೇ ರೇಡಿಯೋವನ್ನು ಮಗುಚಿಟ್ಟುಕೊಂಡು, ಇದೇ ಜಾಗದಲ್ಲಿ ಮೀಟರಿನ ಮೊನೆಯನ್ನಿಟ್ಟು, ಕಂಡದ್ದನ್ನು ಮುಂದೆ ಬರುವವರಿಗಾಗಿ ಬರೆದಿಟ್ಟಿದ್ದರು. ನಾನೂ ಅಳೆದು ನೋಡಿದೆ. ಕ್ಯಾಥೋಡಿನ ಅಂಕಿ ಅವರು ಬರೆದದ್ದಕ್ಕಿಂತ ಬಹಳ ಮೇಲಿತ್ತು, ಮತ್ತು ಆ ವ್ಯತ್ಯಾಸವೇ ಕಪ್ಲಿಂಗ್ ಕಂಡೆನ್ಸರಿನತ್ತ ಬೆರಳು ಮಾಡಿತು. ಹೊಸ ಕಂಡೆನ್ಸರ್ ಹಾಕಿದ ಮೇಲೆ ನನ್ನ ಅಂಕಿಗಳು ಅವರ ಅಂಕಿಗಳಿಗೆ ಹತ್ತಿರ ಬಂದವು.

ಬಹಳ ಹೊತ್ತು ನಾನು ಆ ಪೆನ್ಸಿಲ್ ಗುರುತನ್ನೇ ಯೋಚಿಸುತ್ತಾ ಕುಳಿತಿದ್ದೆ. ಆ ರೆಸಿಸ್ಟರ್ ಬದಲಿಸಿದವರು ತಮ್ಮ ಕೆಲಸವನ್ನು ಬಚ್ಚಿಟ್ಟಿರಲಿಲ್ಲ. ಬಚ್ಚಿಟ್ಟಿದ್ದರೆ ನಾನು ಮೂಲದ್ದೇ ಎಂದು ನಂಬಿ ಬೇರೆಲ್ಲೋ ಹುಡುಕುತ್ತಿದ್ದೆ. ವಾಲ್ವ್ ರೇಡಿಯೋವನ್ನು ಮಾಡಿದವರೇ ಅದು ಮತ್ತೆ ಮತ್ತೆ ತೆರೆಯಲ್ಪಡುತ್ತದೆ ಎಂದು ಎಣಿಸಿದ್ದರು. ವಾಲ್ವುಗಳಿಗೆ ಸಾಕೆಟ್ಟು ಇಟ್ಟದ್ದು ಅದಕ್ಕೇ. ದುರಸ್ತಿಗಳು ಈ ವಸ್ತುವಿನ ಬದುಕಿಗೆ ಅಂಟಿದ ಕಳಂಕಗಳಲ್ಲ, ಅದರ ಬದುಕೇ ಅವು. ಹೀಗಿರುವಾಗ ಹೊಸ ಕಂಡೆನ್ಸರನ್ನು ಹಳೆಯ ಕವಚದೊಳಗೆ ಅಡಗಿಸಿದರೆ, ನೋಡುವವರ ಕಣ್ಣಿಗೆ ಸುಖವಾಗಬಹುದು, ಆದರೆ ಮುಂದೆ ದುರಸ್ತಿ ಮಾಡುವವರಿಗೆ ಸುಳ್ಳು ಹೇಳಿದಂತಾಗುತ್ತದೆ. ಮೇಲೆ ಅಚ್ಚಾದ ಮೌಲ್ಯ ಒಂದು, ಒಳಗಿರುವುದು ಇನ್ನೊಂದು; ಇದನ್ನು ಎಂದು ಬದಲಿಸಿದರು, ಏಕೆ ಬದಲಿಸಿದರು, ಏನೂ ತಿಳಿಯುವುದಿಲ್ಲ. ವಸ್ತುಸಂಗ್ರಹಾಲಯದ ಗಾಜಿನೊಳಗೆ ಇಡುವ ಅಪರೂಪದ ಮಾದರಿಗೆ ಬೇರೆ ನ್ಯಾಯವಿರಬಹುದು. ಅಲ್ಲಿ ದಾಖಲೆ ಇರುತ್ತದೆ. ಮನೆಯಲ್ಲಿ ಹಾಡಬೇಕಾದ ರೇಡಿಯೋಗೆ ಆ ವೇಷ ಬೇಡ ಎಂದು ನಿರ್ಧರಿಸಿದೆ. ಹಳದಿ ಬಣ್ಣದ ಹೊಸ ಕಂಡೆನ್ಸರುಗಳು ಈಗ ಚಾಸಿಯಲ್ಲಿ ಎದ್ದು ಕಾಣುತ್ತವೆ. ತೆಗೆದ ಹಳೆಯವನ್ನು ಒಂದು ಲಕೋಟೆಯಲ್ಲಿ ಹಾಕಿ, ಯಾವುದು ಎಲ್ಲಿತ್ತು ಎಂದು ಬರೆದು, ಬಿಸಿ ತಾಗದ ಕಡೆ ಪೆಟ್ಟಿಗೆಯೊಳಗೇ ಇಟ್ಟಿದ್ದೇನೆ. ಪೆನ್ಸಿಲ್ ಅಂಕಿಗಳನ್ನು ಒರೆಸದೆ, ಅವುಗಳ ಕೆಳಗೆ ನನ್ನವನ್ನೂ ಬರೆದೆ.

ವಾಲ್ವುಗಳ ವಿಷಯ

ಇದೇ ನ್ಯಾಯ ಇನ್ನೊಂದು ದಿಕ್ಕಿನಲ್ಲೂ ಅನ್ವಯಿಸುತ್ತದೆ. ಹಳೆಯದೆಂಬ ಒಂದೇ ಕಾರಣಕ್ಕೆ ಎಲ್ಲ ವಾಲ್ವುಗಳನ್ನೂ ಹೊಸದಾಗಿಸುವವರಿದ್ದಾರೆ. ನನ್ನ ಅನುಭವದಲ್ಲಿ ಕಂಡೆನ್ಸರುಗಳು ಕೆಡುವಷ್ಟು ಬೇಗ ವಾಲ್ವುಗಳು ಕೆಡುವುದಿಲ್ಲ. ಗಾಜಿನ ಒಳಮೈಯಲ್ಲಿ ಕನ್ನಡಿಯಂತೆ ಹೊಳೆಯುವ ಬೇರಿಯಂ ಲೇಪ ಒಳಗುಳಿದ ಅಲ್ಪಸ್ವಲ್ಪ ಅನಿಲವನ್ನೂ ಹೀರಿ ನಿರ್ವಾತವನ್ನು ಕಾಯುತ್ತಿರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳಹೊಕ್ಕಿದೆ ಎಂದು ಅರ್ಥ, ಆ ವಾಲ್ವು ಮುಗಿದಂತೆಯೇ. ಹೊಳಪು ಉಳಿದಿದ್ದರೆ ಆಮೇಲೆ ನೋಡಬೇಕಾದದ್ದು ಕ್ಯಾಥೋಡಿನ ಶಕ್ತಿ. ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡುಗಳ ಲೇಪವಿರುವ ಆ ಕ್ಯಾಥೋಡು ಕಾದಾಗ ಇಲೆಕ್ಟ್ರಾನುಗಳನ್ನು ಹೊರಸೂಸುತ್ತದೆ, ವರ್ಷಗಳು ಕಳೆದಂತೆ ಆ ಸೂಸುವಿಕೆ ಕುಗ್ಗುತ್ತದೆ, ಆದರೆ ಬಹಳ ನಿಧಾನವಾಗಿ. ಪಿನ್ನುಗಳಿಗೂ ಸಾಕೆಟ್ಟಿಗೂ ನಡುವೆ ಕಟ್ಟಿದ ಕಿಲುಬನ್ನು ಉಜ್ಜಿ ತೆಗೆದ ಮೇಲೆ ‘ಸತ್ತ’ ವಾಲ್ವು ಎದ್ದು ಕುಳಿತದ್ದನ್ನು ನೋಡಿದ್ದೇನೆ.

ಈ ರೇಡಿಯೋದ ಇಎಂ80 ಮಾತ್ರ ಮಂಕಾಗಿದೆ. ಬೀಸಣಿಗೆಯ ಆಕಾರದ ಅದರ ಹಸಿರು ಬೆಳಕನ್ನು ಕತ್ತಲೆಯಲ್ಲಷ್ಟೇ ಕಾಣಬಹುದು, ಏಕೆಂದರೆ ಇಲೆಕ್ಟ್ರಾನುಗಳ ಹೊಡೆತಕ್ಕೆ ಅದರ ಪ್ರಕಾಶಕ ಲೇಪ ಸವೆದಿದೆ. ಬದಲಿಸಬಹುದಿತ್ತು. ಆದರೆ ಅದು ಅಳೆಯುವ ಕೆಲಸವನ್ನು ಇನ್ನೂ ಸರಿಯಾಗಿಯೇ ಮಾಡುತ್ತಿದೆ. ಯಾರಿಗೂ ಅಪಾಯವಿಲ್ಲ, ಬೇರೆ ಭಾಗಕ್ಕೂ ಹಾನಿಯಿಲ್ಲ. ಹಾಗಿರುವಾಗ ಅದಕ್ಕೆ ನಿವೃತ್ತಿ ಕೊಡುವ ಹಕ್ಕು ನನಗಿಲ್ಲ ಎಂದುಕೊಂಡೆ.

ಶ್ರುತಿಗೂಡಿಸುವುದು

ಐ.ಎಫ್., ಅಂದರೆ ಮುಂದೆ ಹೇಳುವ ವ್ಯತ್ಯಾಸದ ಆವರ್ತನದ, ಟ್ರಾನ್ಸ್‌ಫಾರ್ಮರುಗಳ ಡಬ್ಬಿಗಳಲ್ಲಿ ತಿರುಗಿಸಲು ಬರುವ ಫೆರೈಟ್ ತಿರುಪುಗಳಿರುತ್ತವೆ. ಕೈಗೆ ಸಿಕ್ಕಿದ್ದೇ ತಡ ಅವನ್ನು ತಿರುಗಿಸಬೇಕೆನ್ನಿಸುತ್ತದೆ. ಅವುಗಳ ಮೇಲಿನ ಮೇಣದ ಮುದ್ರೆ ಮುರಿಯದಿದ್ದರೆ, ಉಳಿದ ದೋಷಗಳನ್ನೆಲ್ಲ ಸರಿಪಡಿಸುವವರೆಗೂ ಮುಟ್ಟದಿರುವುದೇ ಲೇಸು. 1000 ಕಿಲೋಹರ್ಟ್ಸಿನ ಕೇಂದ್ರ ಬೇಕೆಂದಾಗ ರೇಡಿಯೋದ ಒಳಗಿನ ಆಸಿಲೇಟರ್ 1455ರಲ್ಲಿ ಕಂಪಿಸುತ್ತದೆ, ಎರಡರ ವ್ಯತ್ಯಾಸವಾದ 455 ಮಾತ್ರ ಮುಂದಕ್ಕೆ ಹೋಗಿ ಬಲಗೊಳ್ಳುತ್ತದೆ. ಯುರೋಪಿನ ಕೆಲವು ಮಾದರಿಗಳಲ್ಲಿ ಈ ಅಂಕಿ 452 ಅಥವಾ 470. ಆದ್ದರಿಂದ ಆ ರೇಡಿಯೋದ್ದೇ ನಕ್ಷೆ ಕೈಯಲ್ಲಿರಬೇಕು. ಮೊದಲು ಈ ವ್ಯತ್ಯಾಸದ ಆವರ್ತನ, ನಂತರ ಆಸಿಲೇಟರ್. ಡಯಲಿನ ಕೆಳತುದಿಯನ್ನು ಸುರುಳಿಯ ತಿರುಪಿನಿಂದ, ಮೇಲ್ತುದಿಯನ್ನು ಟ್ರಿಮ್ಮರ್ ಎಂಬ ತಿರುಗಿಸಬಲ್ಲ ಪುಟ್ಟ ಕಂಡೆನ್ಸರಿನಿಂದ ಸರಿಪಡಿಸಬೇಕು. ಒಂದನ್ನು ಸರಿಪಡಿಸಿದಾಗ ಇನ್ನೊಂದು ಜರುಗುತ್ತದೆ, ಆದ್ದರಿಂದ ಎರಡೂ ಒಪ್ಪುವವರೆಗೆ ಹಿಂದಕ್ಕೂ ಮುಂದಕ್ಕೂ ಹೋಗುತ್ತಿರಬೇಕು. ಲೋಹದ ತಿರುಪುಳಿ ಹತ್ತಿರ ಬಂದರೇ ಆವರ್ತನ ಬದಲಾಗುವುದರಿಂದ ಪ್ಲಾಸ್ಟಿಕ್ಕಿನದೇ ಬೇಕು. ಇಡೀ ದುರಸ್ತಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ: ಕಾಲು ಸುತ್ತಿನ ತಿರುವಿಗೆ, ಗೊರಗೊರ ಸದ್ದಿನಡಿ ಹೂತುಹೋಗಿದ್ದ ಧ್ವನಿಯೊಂದು ಸ್ಪಷ್ಟವಾಗಿ ಎದ್ದು ಬರುತ್ತದೆ.

ಗಾಜಿನ ಮೇಲಿನ ಊರುಗಳು

ಇಷ್ಟಾದ ಮೇಲೂ ಡಯಲಿನ ಗಾಜಿನ ಮೇಲೆ ಬರೆದ ಊರುಗಳಲ್ಲಿ ಮುಳ್ಳು ನಿಂತಾಗ ಆ ಊರು ಮಾತಾಡುವುದಿಲ್ಲ. ಯುರೋಪಿನ ಆವರ್ತನಗಳನ್ನು 1948ರ ಕೋಪನ್‌ಹೇಗನ್ ಯೋಜನೆ ಹಂಚಿತ್ತು. ಅದು 1950ರ ಮಾರ್ಚಿನಲ್ಲಿ ಜಾರಿಗೆ ಬಂದಾಗ ಅದಕ್ಕೂ ಹಿಂದಿನ ಡಯಲುಗಳು ಹಳತಾದವು. 1978ರ ನವೆಂಬರ್ 23ರಂದು ಜಿನೀವಾ ಯೋಜನೆ ಜಾರಿಗೆ ಬಂದು ಮಧ್ಯಮ ತರಂಗದ ಕೇಂದ್ರಗಳು 9 ಕಿಲೋಹರ್ಟ್ಸಿನ ಗುಣಕಗಳಿಗೆ ಸರಿದಾಗ ಈ ಡಯಲು ಕೂಡ ಹಳತಾಯಿತು. 529ರಲ್ಲಿದ್ದ ಸ್ವಿಟ್ಜರ್‌ಲೆಂಡಿನ ಬೆರೊಮ್ಯೂನ್‌ಸ್ಟರ್ 531ಕ್ಕೆ ಸರಿಯಿತು, 2008ರ ಕೊನೆಯಲ್ಲಿ ಮೌನವಾಯಿತು. ಜರ್ಮನಿಯ ಡಾಯ್ಚ್‌ಲ್ಯಾಂಡ್‌ಫಂಕ್ 2015ರ ಕೊನೆಗೆ ಮಧ್ಯಮ ತರಂಗವನ್ನು ತೊರೆಯಿತು. ಫ್ರಾನ್ಸಿನ 162 ಕಿಲೋಹರ್ಟ್ಸಿನ ದೀರ್ಘ ತರಂಗದಲ್ಲಿ 2016ರ ಕೊನೆಗೆ ಮಾತು ನಿಂತರೂ ಗಡಿಯಾರಗಳಿಗೆ ಸಮಯ ತಿಳಿಸುವ ಸಂಕೇತ ಮುಂದುವರಿಯಿತು. ಉಳಿದಿರುವ ಕೇಂದ್ರಗಳನ್ನೂ ಮೊಬೈಲ್ ಚಾರ್ಜರ್ ಮತ್ತು ಎಲ್ಇಡಿ ದೀಪಗಳು ಹಗಲಲ್ಲಿ ಮುಚ್ಚಿಹಾಕುತ್ತವೆ. ರಾತ್ರಿ ವಾತಾವರಣದ ಮೇಲಿನ ಡಿ ಪದರ ಕರಗಿ, ದೂರದ ಅಲೆಗಳು ಹೀರಲ್ಪಡದೆ ಪ್ರತಿಫಲಿಸಿ ಬಂದಾಗ, ಒಳ್ಳೆಯ ಏರಿಯಲ್ ಕಟ್ಟಿದರೆ ಈಗಲೂ ಕೇಳಬಹುದು. ನಾನು ಕೇಳುತ್ತೇನೆ.

ಇದೇ ಕಾರಣ ಹೇಳಿ ಚಾಸಿಯನ್ನೇ ಕಿತ್ತೆಸೆದು ಪೆಟ್ಟಿಗೆಯೊಳಗೆ ಬ್ಲೂಟೂತ್ ಹಲಗೆಯನ್ನು ಕೂರಿಸುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಮರವನ್ನಷ್ಟೇ ಉಳಿಸಿ ರೇಡಿಯೋ ಉಳಿಸಿದೆವು ಎನ್ನುವುದು ಸರಿಯಲ್ಲ. ಅದರ ಅಗತ್ಯವೂ ಇಲ್ಲ, ಏಕೆಂದರೆ ಆ ಕಾಲದ ಬಹುತೇಕ ದೊಡ್ಡ ರೇಡಿಯೋಗಳ ಹಿಂಬದಿಯಲ್ಲಿ ಗ್ರಾಮಫೋನನ್ನು ಜೋಡಿಸಲೆಂದೇ ಎರಡು ರಂಧ್ರಗಳಿರುತ್ತವೆ. ಟ್ರಾನ್ಸ್‌ಫಾರ್ಮರ್ ಇರುವ ರೇಡಿಯೋಗಳಲ್ಲಿ ಫೋನಿನ ಸಂಗೀತವನ್ನು ಅಲ್ಲಿಂದಲೇ ಒಳಕ್ಕೆ ಕೊಡಬಹುದು. ಚಾಸಿಗೆ ವಿದ್ಯುತ್ ಬಂದಿರುವ ಎಸಿ-ಡಿಸಿ ಮಾದರಿಯಲ್ಲಿ ಮಾತ್ರ ಹೀಗೆ ಮಾಡಬಾರದು. ಫೋನಿನ ಎಡ ಬಲ ಎರಡು ಧ್ವನಿಗಳನ್ನು ಒಂದೊಂದು ರೆಸಿಸ್ಟರ್ ಮೂಲಕ ಒಂದುಗೂಡಿಸುವ ಒಂದು ತಂತಿಯನ್ನು ನಾನು ಮಾಡಿಕೊಂಡಿದ್ದೇನೆ. ಅದಕ್ಕಾಗಿ ರೇಡಿಯೋದಲ್ಲಿ ಒಂದು ತಿರುಪನ್ನೂ ಸಡಿಲಿಸಿಲ್ಲ. ತಂತಿ ಪೆಟ್ಟಿಗೆಯ ಹೊರಗೇ ಇರುತ್ತದೆ, ಬೇಡವೆಂದಾಗ ಎಳೆದರೆ ಕಳಚಿ ಬರುತ್ತದೆ.